ವಿದೇಶಿ ಭಾಷೆ ಕಲಿಸುವುದಾದರೆ ಗಂಟೆ ಕೊಟ್ಟು ಕಲಿಸಿ

ಮಾನ್ಯ ಸಂಪಾದಕರೇ,

ಶಾಲೆಯ ವೇಳಾಪಟ್ಟಿಯಲ್ಲಿ ಸಮಯ ಸಾಲದೆ ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ವಿದೇಶಿ ಭಾಷೆಯ ಪೀರಿಯಡ್ಡಿಗೆ. ಗಣಿತವನ್ನು ಯಾರೂ ಮುಟ್ಟುವುದಿಲ್ಲ, ವಿಜ್ಞಾನವನ್ನೂ ಮುಟ್ಟುವುದಿಲ್ಲ. ಪರೀಕ್ಷೆ ಹತ್ತಿರವಾಯಿತೆಂದರೆ ಬೇರೆ ವಿಷಯದ ಶಿಕ್ಷಕರು ತರಗತಿಯ ಬಾಗಿಲಲ್ಲಿ ನಿಂತು, 'ಮೇಡಂ, ಇವತ್ತೊಂದು ದಿನ ನಿಮ್ಮ ಪೀರಿಯಡ್ ಬಿಟ್ಟುಕೊಡ್ತೀರಾ, ನಮ್ಮ ಪಾಠ ಮುಗಿದಿಲ್ಲ' ಎಂದು ಕೇಳುತ್ತಾರೆ. 28 ವರ್ಷ ಶಾಲೆಯಲ್ಲಿ ಫ್ರೆಂಚ್ ಕಲಿಸಿ ನಿವೃತ್ತಳಾಗಿರುವ ನಾನು ಹಾಗೆ ಬಿಟ್ಟುಕೊಟ್ಟ ಪೀರಿಯಡ್ಡುಗಳನ್ನೆಲ್ಲ ಒಟ್ಟು ಹಾಕಿದರೆ ಒಂದು ಇಡೀ ವರ್ಷದ ಪಾಠವಾದೀತು. ಜಗತ್ತಿನ ಬೇರೊಂದು ಭಾಷೆಯನ್ನು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಕಲಿಸಬೇಕು, ಕಲಿಸುವುದಾದರೆ ಅದಕ್ಕೆ ಬೇಕಾದಷ್ಟು ಗಂಟೆಗಳನ್ನು ಕೊಟ್ಟೇ ಕಲಿಸಬೇಕು ಎಂದು ಹೇಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದೆ, ವಿಷಯವನ್ನು ಎರಡು ಪ್ಯಾರಾದಲ್ಲಿ ಮುಗಿಸುವುದು ನನ್ನಿಂದ ಆಗಲಿಲ್ಲ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಎರಡು ವರ್ಷ ಫ್ರೆಂಚ್ ಕಲಿತು ನೂರಕ್ಕೆ 96 ಅಂಕ ಪಡೆದಿದ್ದ ಹುಡುಗಿಯೊಬ್ಬಳಿದ್ದಳು. ಹೋಗು ಎಂಬ ಕ್ರಿಯಾಪದದ ವರ್ತಮಾನ, ಭೂತ, ಭವಿಷ್ಯತ್ ರೂಪಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಒಂದು ದಿನ ಫ್ರಾನ್ಸಿನಿಂದ ಬಂದಿದ್ದ ಅತಿಥಿಯೊಬ್ಬರು ತರಗತಿಗೆ ಬಂದು, ಅವಳ ಕಡೆ ನೋಡಿ, ನಗುತ್ತಾ 'ತ್ಯೂ ಆಬೀತ್ ಊ?' ಎಂದು ಕೇಳಿದರು. 'ನಿನ್ನ ಮನೆ ಎಲ್ಲಿ?' ಎಂಬಷ್ಟೇ ಪ್ರಶ್ನೆ ಅದು. ಮೊದಲ ತಿಂಗಳಲ್ಲೇ ಕಲಿತ ಪಾಠ. ಆದರೆ ಪಠ್ಯಪುಸ್ತಕದಲ್ಲಿದ್ದದ್ದು 'ಊ ಆಬೀತ್ ತ್ಯೂ?' ಎಂಬ ರೂಪ. ಅದರಲ್ಲಿ 'ಎಲ್ಲಿ' ಎಂಬ ಪದ ಮೊದಲು ಬರುತ್ತದೆ. ಮಾತಿನ ಫ್ರೆಂಚಿನಲ್ಲಿ ಜನ ಅದನ್ನು ಸಾಮಾನ್ಯವಾಗಿ ಕೊನೆಗೆ ತಳ್ಳುತ್ತಾರೆ. ಅಷ್ಟು ಸಣ್ಣ ಬದಲಾವಣೆಗೆ ಆ ಹುಡುಗಿ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನನಗಿನ್ನೂ ನೆನಪಿದೆ. ಅವಳು ದಡ್ಡಿಯಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಎರಡು ವರ್ಷದಲ್ಲಿ ಆ ಭಾಷೆ ಅವಳ ಕಿವಿಗೆ ಬಿದ್ದದ್ದೇ ಕಡಿಮೆ. ನಾವು ಅವಳಿಗೆ ಫ್ರೆಂಚ್ ಕಲಿಸಿರಲಿಲ್ಲ, ಫ್ರೆಂಚ್ ಪರೀಕ್ಷೆ ಬರೆಯುವುದನ್ನು ಕಲಿಸಿದ್ದೆವು.

ಈ ಕೊರತೆ ಲೆಕ್ಕಕ್ಕೆ ಸಿಗುವಂಥದ್ದು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನು ನಡೆಸುತ್ತದೆ. ದಶಕಗಳ ಅನುಭವದಿಂದ ಅವರು ಕಂಡುಕೊಂಡಿರುವಂತೆ, ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವ ವಯಸ್ಕರೊಬ್ಬರು ಸ್ಪ್ಯಾನಿಶ್ ಅಥವಾ ಫ್ರೆಂಚ್ ಭಾಷೆಯಲ್ಲಿ ಕೆಲಸಕ್ಕೆ ಬರುವಷ್ಟು ಪಳಗಲು ಸುಮಾರು 600ರಿಂದ 750 ತರಗತಿಯ ಗಂಟೆಗಳು ಬೇಕು. ಜಪಾನಿ, ಚೀನಿ, ಕೊರಿಯನ್, ಅರಬ್ಬಿ ಭಾಷೆಗಳಿಗೆ 2200 ಗಂಟೆಗಳಷ್ಟು ಬೇಕು. ಅದೂ ಚಿಕ್ಕ ಗುಂಪಿನಲ್ಲಿ, ದಿನವಿಡೀ ಅದನ್ನೇ ಕಲಿಯುವ, ಸಂಬಳ ಪಡೆದು ಕಲಿಯುವ ಜನರಿಗೆ. ಈಗ ಶಾಲೆಯ ಲೆಕ್ಕ ನೋಡಿ. ವಾರಕ್ಕೆ 40 ನಿಮಿಷದ ಮೂರು ಪೀರಿಯಡ್ ಎಂದರೆ ಎರಡು ಗಂಟೆ. ವರ್ಷಕ್ಕೆ 36 ವಾರ ಪಾಠ ನಡೆದರೂ 72 ಗಂಟೆ, ಎರಡು ವರ್ಷಕ್ಕೆ 144 ಗಂಟೆ. ಅದರಲ್ಲಿ ಪರೀಕ್ಷೆ, ರಜೆ, ಬಾಗಿಲಲ್ಲಿ ನಿಂತು ಕೇಳಿದ ಪೀರಿಯಡ್ಡುಗಳನ್ನು ಕಳೆದರೆ ನೂರು ಉಳಿದರೆ ಹೆಚ್ಚು. ನೂರು ಗಂಟೆಯಲ್ಲಿ ಒಂದು ಭಾಷೆಯ ಹೊಸ್ತಿಲನ್ನು ಮುಟ್ಟಬಹುದು, ಒಳಗೆ ಹೋಗಲಾಗದು. ಎರಡು ವರ್ಷದ ಬಳಿಕ ಮಕ್ಕಳಿಗೆ ಏನೂ ಬರಲಿಲ್ಲವೆಂದು ಪೋಷಕರು ಹೇಳಿದಾಗ, ಈ ವಿಷಯವೇ ವ್ಯರ್ಥ ಎಂಬ ತೀರ್ಮಾನಕ್ಕೆ ಶಾಲೆ ಬರುತ್ತದೆ. ಬಿತ್ತಿದ್ದು ಒಂದು ಹಿಡಿ, ಬೆಳೆ ಕೇಳುವುದು ಕಣಜದ ತುಂಬ.

ಇದೇ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಮಾಡಬಹುದು. ದಿನಕ್ಕೊಂದರಂತೆ ವಾರಕ್ಕೆ ಐದು ಪೀರಿಯಡ್ ಕೊಟ್ಟು, ಆರು ವರ್ಷ ಬಿಡದೆ ಒಂದೇ ಭಾಷೆಯನ್ನು ಮುಂದುವರಿಸಿದರೆ 720 ಗಂಟೆಗಳಾಗುತ್ತವೆ. ಅಂದರೆ ಆರು ವರ್ಷ ಹೀಗೆ ಕಲಿತ ಮಗು ಶಾಲೆ ಬಿಡುವ ಹೊತ್ತಿಗೆ ಆ ಭಾಷೆಯಲ್ಲಿ ಒಂದು ದಿನಪತ್ರಿಕೆಯನ್ನು ಹಿಡಿದು ಕೂರಬಲ್ಲದು, ಅಪರಿಚಿತರೊಬ್ಬರೊಡನೆ ಅರ್ಧ ಗಂಟೆ ಮಾತಾಡಬಲ್ಲದು. ಇದು ಕನಸಲ್ಲ, ಬರಿಯ ಗುಣಾಕಾರ. ದಿನಕ್ಕೆ 40 ನಿಮಿಷ ಎಂಬುದು ಮುಖ್ಯ. ವಾರಕ್ಕೊಮ್ಮೆ ಎರಡು ಗಂಟೆ ಒಟ್ಟಿಗೆ ಕೂರಿಸುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ ಕಲಿಸಿದ್ದು ನಿಲ್ಲುತ್ತದೆ ಎಂಬುದನ್ನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ನೆನಪಿಡುವ ಬಗ್ಗೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು.

ಯಾವ ವಯಸ್ಸಿನಲ್ಲಿ ಶುರುಮಾಡಬೇಕು ಎಂಬ ಪ್ರಶ್ನೆಗೆ ಜನ ವಿಪರೀತ ಮಹತ್ವ ಕೊಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಮಗು ಚಿಕ್ಕದಾದಷ್ಟೂ ಬೇಗ ಕಲಿಯುತ್ತದೆ ಎಂಬ ನಂಬಿಕೆ ಮನೆಯಲ್ಲಿ, ಬೀದಿಯಲ್ಲಿ, ದಿನವಿಡೀ ಭಾಷೆ ಕಿವಿಗೆ ಬೀಳುವ ಮಗುವಿನ ವಿಷಯದಲ್ಲಿ ನಿಜ. ಶಾಲೆಯ ಕೋಣೆಯಲ್ಲಿ ಎಣಿಸಿ ಕೊಟ್ಟ ಗಂಟೆಗಳ ವಿಷಯದಲ್ಲಿ ಅಷ್ಟು ನಿಜವಲ್ಲ. ಬಾರ್ಸಿಲೋನಾ ವಿಶ್ವವಿದ್ಯಾಲಯದ ಕಾರ್ಮೆನ್ ಮುನ್ಯೋಸ್ ಮತ್ತು ಸಂಗಡಿಗರು ಬೇರೆ ಬೇರೆ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಲು ಆರಂಭಿಸಿದ ಶಾಲಾ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಒಂದೇ ಪ್ರಮಾಣದ ಗಂಟೆಗಳ ಬಳಿಕ ದೊಡ್ಡ ಮಕ್ಕಳೇ ಮುಂದಿದ್ದರು. 2018ರಲ್ಲಿ ಸುಮಾರು 6.7 ಲಕ್ಷ ಜನರ ಉತ್ತರಗಳನ್ನು ಇಟ್ಟುಕೊಂಡು ಅಮೆರಿಕದ ಸಂಶೋಧಕರು ನಡೆಸಿದ ಅಧ್ಯಯನದ ಪ್ರಕಾರ, ವ್ಯಾಕರಣವನ್ನು ಹೀರಿಕೊಳ್ಳುವ ಶಕ್ತಿ ಹದಿನೇಳರ ಆಸುಪಾಸಿನವರೆಗೂ ಹೆಚ್ಚು ಕುಂದುವುದಿಲ್ಲ. ಆದ್ದರಿಂದ ತಾಯ್ನುಡಿಯಲ್ಲಿ ಓದು ಬರಹ ಗಟ್ಟಿಯಾದ ಮೇಲೆ, ಹತ್ತು ಹನ್ನೊಂದರ ವಯಸ್ಸಿನಲ್ಲಿ ಆರಂಭಿಸಿದರೂ ತಡವಾಗುವುದಿಲ್ಲ. ಮೂರು ವರ್ಷದ ಕೂಸಿಗೆ ಬಣ್ಣಗಳ ಹೆಸರನ್ನು ಪರಭಾಷೆಯಲ್ಲಿ ಹಾಡಿಸಿ, ಹನ್ನೆರಡರ ಹೊತ್ತಿಗೆ ಕೈಬಿಡುವ ಪದ್ಧತಿಗಿಂತ ಇದು ಎಷ್ಟೋ ಮೇಲು.

ಇನ್ನು ಭಾಷೆಯನ್ನು ಯಾವುದರ ಮೂಲಕ ಕಲಿಸಬೇಕು ಎಂಬ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ, ಆದರೆ ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇಲ್ಲಿದೆ. ವಿದೇಶಿ ಭಾಷೆಯ ಪಠ್ಯಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷ್ ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅವರಿಗೆ ಯಾವುದು ಕಷ್ಟವೋ ಅದಕ್ಕೆ ಹತ್ತು ಪುಟ, ಯಾವುದು ಸುಲಭವೋ ಅದಕ್ಕೆ ಎರಡು ಸಾಲು. ನಾನೂ ಮೊದಲ ಏಳೆಂಟು ವರ್ಷ ಹಾಗೆಯೇ ಕಲಿಸಿದೆ. 'ಇಲ್ ಮ ಫೋ ಅಂ ಸ್ತೀಲೋ' ಎಂಬ ವಾಕ್ಯ ಬಂದಾಗ, ನನಗೊಂದು ಪೆನ್ನು ಬೇಕು ಎನ್ನುವುದಕ್ಕೆ ಫ್ರೆಂಚರು ನಾನು ಎಂಬ ಕರ್ತೃವನ್ನೇ ಬಳಸುವುದಿಲ್ಲವೇಕೆ ಎಂದು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪೀರಿಯಡ್ ಕಳೆಯುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಪಕ್ಕದವನಿಗೆ, 'ಅಯ್ಯೋ, ನನಗೆ ಬೇಕು ಅಂತ ಅಷ್ಟೇ ಕಣೋ, ನಾವು ಹೇಳೋ ಥರಾನೇ' ಎಂದು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಅವನು ಹೇಳಿದ್ದು ಅಕ್ಷರಶಃ ಸರಿ. ಅಲ್ಲಿನ 'ಮ' ಎಂಬುದು ನಮ್ಮ 'ನನಗೆ'. ಚತುರ್ಥಿ ವಿಭಕ್ತಿ. ನಾವು ನನಗೆ ಬೇಕು, ನನಗೆ ಗೊತ್ತು, ನನಗೆ ಹಸಿವು ಎನ್ನುತ್ತಾ ಬೆಳೆದವರು. ಬೇಕು ಎನ್ನುವುದನ್ನು ಮನುಷ್ಯ ಮಾಡುವ ಕೆಲಸವೆಂದು ತಿಳಿಯದೆ ಅವನಿಗೆ ಬಂದೊದಗುವ ಸ್ಥಿತಿಯೆಂದು ತಿಳಿದವರು. ಅದೇ ತಿಳಿವಳಿಕೆ ಸ್ಪ್ಯಾನಿಶ್ ಭಾಷೆಯ 'ಮೆ ಗುಸ್ತಾ' ಎಂಬಲ್ಲಿದೆ, ಅದು ನಮ್ಮ 'ನನಗೆ ಇಷ್ಟ'. ಜರ್ಮನಿನ 'ಮೀರ್ ಇಸ್ಟ್ ಕಾಲ್ಟ್' ಎಂಬಲ್ಲಿದೆ, ಅದು ನಮ್ಮ 'ನನಗೆ ಚಳಿ'. ಇಂಗ್ಲಿಷಿನ ಮಕ್ಕಳು ಎಡವಿ ಬೀಳುವ ಜಾಗದಲ್ಲಿ ಕನ್ನಡದ ಮಕ್ಕಳು ಓಡಾಡಬಲ್ಲರು, ನಾವು ಅವರನ್ನು ಇಂಗ್ಲಿಷಿನ ದಾರಿಯಲ್ಲಿ ಸುತ್ತು ಹಾಕಿಸಿ ಕರೆದೊಯ್ಯದಿದ್ದರೆ.

ಅಂದಿನಿಂದ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ತ್ಯೂ ಮತ್ತು ವೂ ಎಂಬ ಎರಡು ಬಗೆಯ ಸಂಬೋಧನೆ ಬಂದಾಗ ನೀನು ಮತ್ತು ನೀವು ಎಂದು ಹೇಳಿ ಮುಗಿಸಿದೆ. ಬಳಿಕ, ಅಜ್ಜಿಯನ್ನು ನೀವು ಎನ್ನುವ ನಮ್ಮ ಮನೆಗಳಂತಲ್ಲದೆ ಅಲ್ಲಿ ಮೊಮ್ಮಗು ಅಜ್ಜಿಯನ್ನು ಸಲುಗೆಯಿಂದ ಏಕವಚನದಲ್ಲೇ ಕರೆಯುತ್ತದೆ ಎಂಬ ವ್ಯತ್ಯಾಸಕ್ಕೆ ಉಳಿದ ಸಮಯ ಸಿಕ್ಕಿತು. ಪ, ತ, ಕಗಳನ್ನು ಉಸಿರು ಸೇರಿಸದೆ ಹೇಳಬೇಕೆಂಬುದು ಇಂಗ್ಲಿಷಿನವರಿಗೆ ತಿಂಗಳುಗಟ್ಟಲೆ ಅಭ್ಯಾಸ. ಅಲ್ಪಪ್ರಾಣ ಮಹಾಪ್ರಾಣಗಳನ್ನು ವರ್ಣಮಾಲೆಯಲ್ಲೇ ಕಲಿತ ನಮ್ಮ ಮಕ್ಕಳಿಗೆ ಅದು ಹೇಳಿಕೊಡುವ ವಿಷಯವೇ ಅಲ್ಲ. ನಮಗೆ ಕಷ್ಟವಾದದ್ದು ಬೇರೆ ಇತ್ತು: ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎನ್ನುವಾಗ ಮಕ್ಕಳು ನಗುತ್ತಿದ್ದರು. ಜೀವವಿಲ್ಲದ್ದೆಲ್ಲ ನಪುಂಸಕಲಿಂಗವೆಂದು ಅರ್ಥವನ್ನೇ ನೋಡಿ ವಿಂಗಡಿಸುವ ಭಾಷೆ ನಮ್ಮದು ಎಂಬುದು ಅವರಿಗೆ ಆ ದಿನದವರೆಗೂ ಹೊಳೆದಿರಲಿಲ್ಲ. ವಿದೇಶಿ ಭಾಷೆಯ ತರಗತಿಯಲ್ಲಿ ಕುಳಿತು ಅವರು ತಮ್ಮ ನುಡಿಯನ್ನು ಮೊದಲ ಬಾರಿಗೆ ಹೊರಗಿನಿಂದ ನೋಡಿದರು.

ಸಹೋದ್ಯೋಗಿಯೊಬ್ಬರು ಜಪಾನಿ ಭಾಷೆ ಕಲಿಸುತ್ತಿದ್ದರು. ಅವರ ಅನುಭವ ಇನ್ನೂ ಸ್ಪಷ್ಟವಾಗಿತ್ತು. 'ವತಾಶಿ ಗಾ ಯೋಂದಾ ಹೋನ್' ಎಂದರೆ 'ನಾನು ಓದಿದ ಪುಸ್ತಕ'. ಪದಕ್ಕೆ ಪದ, ಅದೇ ಕ್ರಮ. ಕ್ರಿಯಾಪದ ಕೊನೆಗೆ, ವಿಭಕ್ತಿಯಂಥ ಪ್ರತ್ಯಯ ನಾಮಪದದ ನಂತರ, ವಿಶೇಷಣದ ವಾಕ್ಯ ನಾಮಪದಕ್ಕಿಂತ ಮೊದಲು. ಇಂಗ್ಲಿಷಿನವರಿಗೆ 2200 ಗಂಟೆ ಬೇಕೆಂಬ ಆ ಅಂದಾಜಿನಲ್ಲಿ ವಾಕ್ಯರಚನೆಗೆ ಹೋಗುವ ಪಾಲು ಕನ್ನಡದ ಮಕ್ಕಳಿಗೆ ಅಷ್ಟೊಂದು ಬೇಕಾಗಲಾರದು ಎಂದು ಅವರು ಹೇಳುತ್ತಿದ್ದರು. ಲಿಪಿಯ ಕಷ್ಟ ಮಾತ್ರ ಎಲ್ಲರಿಗೂ ಒಂದೇ, ಏಕೆಂದರೆ ನಿತ್ಯಬಳಕೆಯದೆಂದು ಅಲ್ಲಿನ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2136 ಚೀನಿ ಮೂಲದ ಅಕ್ಷರಗಳಿವೆ. ಅರಬ್ಬಿ ಕಲಿಯುವ ಮಗುವಿಗೆ ವಕೀಲ, ತಾರೀಖು, ಹಕ್ಕು, ಖಾಲಿ ಎಂಬ ಪದಗಳನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪೋರ್ಚುಗೀಸ್ ಪುಸ್ತಕ ತೆರೆದ ಮಗು ಮನೆಯ ಚಾವಿಯನ್ನೂ ಬಾಲ್ದಿಯನ್ನೂ ಅಲಮಾರನ್ನೂ ಅಲ್ಲಿ ಗುರುತು ಹಿಡಿಯುತ್ತದೆ. ಪರಭಾಷೆ ಪರಕೀಯವೆಂಬ ಅಂಜಿಕೆ ಇಂಥ ನಾಲ್ಕು ಪದಗಳಿಂದ ಅರ್ಧ ಕರಗುವುದನ್ನು ನಾನು ಕಂಡಿದ್ದೇನೆ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ವಿದೇಶಿ ಭಾಷೆಯನ್ನು ವಿರೋಧಿಸುವವರಲ್ಲಿ ಬಹಳ ಮಂದಿ ತಾಯ್ನುಡಿಯ ಮೇಲಿನ ಪ್ರೀತಿಯಿಂದ ವಿರೋಧಿಸುತ್ತಾರೆ. ಅವರ ಕಳವಳ ನನ್ನದೂ ಹೌದು. ಮಗುವಿನ ಕಲಿಕೆಗೆ ತಾಯ್ನುಡಿಯೇ ಅತ್ಯುತ್ತಮ ಮಾಧ್ಯಮ ಎಂದು ಯುನೆಸ್ಕೊ ಕರೆದ ತಜ್ಞರು 1953ರಲ್ಲೇ ಹೇಳಿದ್ದರು, ಅದನ್ನು ಅಲುಗಾಡಿಸುವಂಥ ಕಾರಣ ಇಂದಿಗೂ ನನಗೆ ಕಂಡಿಲ್ಲ. ಆದರೆ ಪರಭಾಷೆಯಲ್ಲಿ ಎಲ್ಲ ವಿಷಯಗಳನ್ನೂ ಕಲಿಯುವುದು ಬೇರೆ, ಪರಭಾಷೆಯನ್ನು ಒಂದು ವಿಷಯವಾಗಿ ಕಲಿಯುವುದು ಬೇರೆ. ಮೊದಲನೆಯದು ಮಗುವಿನ ಕಾಲಡಿಯ ನೆಲವನ್ನೇ ಕಿತ್ತುಕೊಳ್ಳಬಹುದು. ಎರಡನೆಯದಕ್ಕೆ ಆ ನೆಲವೇ ಬೇಕು. ಕೆನಡಾದ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಲ್ಲಿ ವಾದಿಸಿದಂತೆ, ಒಂದು ಭಾಷೆಯಲ್ಲಿ ಗಳಿಸಿದ ಓದಿನ ಶಕ್ತಿ ಇನ್ನೊಂದಕ್ಕೆ ಹರಿದುಹೋಗುತ್ತದೆ. ಪ್ಯಾರಾದ ತಾತ್ಪರ್ಯ ಹಿಡಿಯುವುದನ್ನು, ಗೊತ್ತಿಲ್ಲದ ಪದದ ಅರ್ಥವನ್ನು ಸಂದರ್ಭದಿಂದ ಊಹಿಸುವುದನ್ನು ಮಗು ಎರಡನೆಯ ಸಲ ಮೊದಲಿನಿಂದ ಕಲಿಯುವುದಿಲ್ಲ.

ಎರಡು ಭಾಷೆ ಹೊರಿಸಿದರೆ ಎರಡೂ ಹಾಳಾಗುತ್ತವೆ ಎಂಬ ಭಯವನ್ನು ಪರೀಕ್ಷಿಸಿ ನೋಡಿದ ಪ್ರಸಂಗವೊಂದಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ ಇಂಗ್ಲಿಷ್ ಮನೆಮಾತಿನ ಪೋಷಕರು, ಸುತ್ತಲಿನ ಜನ ಆಡುವ ಫ್ರೆಂಚ್ ತಮ್ಮ ಮಕ್ಕಳಿಗೆ ಶಾಲೆಯಲ್ಲಿ ವರ್ಷಗಟ್ಟಲೆ ಕಲಿತರೂ ಬರುತ್ತಿಲ್ಲವೆಂದು ಬೇಸತ್ತು, 1965ರಲ್ಲಿ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಪಾಠ ನಡೆಸುವ ತರಗತಿಯೊಂದನ್ನು ಒತ್ತಾಯದಿಂದ ತೆರೆಸಿದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವಾಲೆಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ಪರೀಕ್ಷಿಸಿದರು. ಮೊದಲು ಇಂಗ್ಲಿಷಿನ ಓದಿನಲ್ಲಿ ಕೊಂಚ ಹಿಂದುಳಿದ ಮಕ್ಕಳು, ಇಂಗ್ಲಿಷ್ ಪಾಠ ಆರಂಭವಾದ ಮೇಲೆ ಬೇಗನೆ ಸರಿಸಮವಾದರು. ಫ್ರೆಂಚನ್ನು ಕೇಳಿ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಬಹಳ ಮುಂದೆ ಹೋದರು. ಮಾತಾಡುವುದರಲ್ಲಿ, ಬರೆಯುವುದರಲ್ಲಿ ಅಷ್ಟು ಹೋಗಲಿಲ್ಲ. ಇದನ್ನು ಎಲ್ಲರಿಗೂ ಮಾದರಿಯೆಂದು ಹಿಡಿಯಲು ನಾನು ಒಪ್ಪುವುದಿಲ್ಲ. ಆ ಮಕ್ಕಳ ಮನೆಮಾತು ಅಪಾಯದಲ್ಲಿದ್ದ ಭಾಷೆಯಾಗಿರಲಿಲ್ಲ, ಇಡೀ ಖಂಡದಲ್ಲಿ ಬಲವಾಗಿದ್ದ ಭಾಷೆ. ಆದರೆ ದಿನಕ್ಕೊಂದು ಪೀರಿಯಡ್ ಪರಭಾಷೆಯಿಂದ ತಾಯ್ನುಡಿ ಸೊರಗುತ್ತದೆ ಎನ್ನುವವರು, ದಿನವಿಡೀ ಪರಭಾಷೆಯಲ್ಲಿ ಕಲಿತೂ ತಾಯ್ನುಡಿ ಉಳಿಸಿಕೊಂಡ ಈ ಮಕ್ಕಳನ್ನು ಒಮ್ಮೆ ನೆನೆಯಬೇಕು.

ಪರಭಾಷೆ ಕಲಿತರೆ ಮೆದುಳು ಚುರುಕಾಗುತ್ತದೆ, ಮುಪ್ಪಿನಲ್ಲಿ ಮರೆವು ದೂರವಾಗುತ್ತದೆ ಎಂಬ ವಾದಗಳನ್ನು ನಾನು ಮುಂದಿಡುವುದಿಲ್ಲ. ಅವುಗಳ ಬಗ್ಗೆ ಸಂಶೋಧಕರಲ್ಲೇ ಜಗಳವಿದೆ, ಅಂಥ ಆಸರೆ ಈ ವಿಷಯಕ್ಕೆ ಬೇಕಾಗಿಯೂ ಇಲ್ಲ. ಉದ್ಯೋಗದ ವಾದವನ್ನೂ ಅತಿಯಾಗಿ ಎಳೆಯುವುದು ಬೇಡ. ಉದ್ಯೋಗ ಸಿಗುತ್ತದೆ, ನನ್ನ ವಿದ್ಯಾರ್ಥಿಗಳಿಗೆ ಸಿಕ್ಕಿದೆ. ಆದರೆ ಯಾವ ದೇಶದಲ್ಲಿ ಕೆಲಸಗಳಿವೆ ಎಂದು ನೋಡಿ ವರ್ಷಕ್ಕೊಂದು ಭಾಷೆ ಬದಲಿಸುವ ಶಾಲೆ ಯಾವ ಭಾಷೆಯನ್ನೂ ಕಲಿಸಿದಂತಾಗುವುದಿಲ್ಲ. ಅಮೆರಿಕದ ಉದಾಹರಣೆ ಕಣ್ಣ ಮುಂದಿದೆ. ಸೋವಿಯತ್ ಒಕ್ಕೂಟ 1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿಸಿದಾಗ ಬೆಚ್ಚಿಬಿದ್ದ ಆ ದೇಶ ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು ವಿಜ್ಞಾನ, ಗಣಿತಗಳ ಜೊತೆಗೆ ವಿದೇಶಿ ಭಾಷೆಗಳಿಗೂ ಹಣ ಸುರಿಯಿತು. 2001ರ ಭಯೋತ್ಪಾದನೆಯ ದಾಳಿಯ ಬಳಿಕ, ಮತ್ತೆ 2006ರಲ್ಲಿ, ಅರಬ್ಬಿ, ಚೀನಿ ಮುಂತಾದ ಭಾಷೆಗಳಿಗಾಗಿ ಇನ್ನೊಂದು ಯೋಜನೆ ಘೋಷಿಸಿತು. ಹೆದರಿಕೆ ಬಂದಾಗ ಭಾಷೆ ನೆನಪಾಗುವುದು, ಹೆದರಿಕೆ ಕಳೆದಾಗ ಮರೆತುಹೋಗುವುದು. ಶಿಕ್ಷಕರನ್ನು ತಯಾರು ಮಾಡಲು ಹತ್ತು ವರ್ಷ ಬೇಕು. ಹೆದರಿಕೆಗೆ ಅಷ್ಟು ಆಯುಸ್ಸಿಲ್ಲ.

ನನಗೆ ಕಂಡ ಪ್ರಯೋಜನ ಬೇರೆಯದು. ಒಮ್ಮೆ ವರ್ಷದ ನಡುವೆ ನಮ್ಮ ತರಗತಿಗೆ ಬೇರೆ ಭಾಷೆಯ ಮನೆಯಿಂದ ಹುಡುಗನೊಬ್ಬ ಬಂದು ಸೇರಿದ. ಅವನಿಗೆ ನಮ್ಮ ಮಾತು ಬಾರದು. ನೀರು ಬೇಕಾದರೂ ಕೈಸನ್ನೆಯಲ್ಲಿ ಕೇಳುತ್ತಿದ್ದ. ಅವನು ಮೊದಲ ಬಾರಿಗೆ ಒಂದು ವಾಕ್ಯ ಜೋಡಿಸಿ, ಲಿಂಗ ವಚನಗಳನ್ನೆಲ್ಲ ಕಲಸಿ ಹೇಳಿದಾಗ ಪಕ್ಕದ ವಿಭಾಗದ ಮಕ್ಕಳು ಗೊಳ್ಳೆಂದು ನಕ್ಕರು. ಮೂರು ವರ್ಷದಿಂದ ಫ್ರೆಂಚಿನಲ್ಲಿ ತಡವರಿಸುತ್ತಿದ್ದ ನನ್ನ ಮಕ್ಕಳು ನಗಲಿಲ್ಲ. ಒಬ್ಬಳು ಅವನ ಬಳಿ ಹೋಗಿ, ಅದೇ ವಾಕ್ಯವನ್ನು ನಿಧಾನವಾಗಿ, ಸರಿಯಾಗಿ, ತಿದ್ದಿದಂತೆ ಕಾಣದ ಹಾಗೆ ತಿರುಗಿ ಹೇಳಿದಳು. ನಾನು ತರಗತಿಯಲ್ಲಿ ಅವಳ ತಪ್ಪನ್ನು ತಿದ್ದುತ್ತಿದ್ದದ್ದು ಹಾಗೆಯೇ. ಬಾಯಲ್ಲಿ ಪದ ಬಾರದೆ ನಿಲ್ಲುವುದು ಎಂಥ ಸಂಕಟ ಎಂದು ಅನುಭವಿಸಿದ ಮಗು ಇನ್ನೊಬ್ಬರ ತೊದಲನ್ನು ದಡ್ಡತನವೆಂದು ಎಣಿಸುವುದಿಲ್ಲ. ಯಾವ ನೀತಿಪಾಠದಿಂದಲೂ ಇಷ್ಟು ಬೇಗ ಇದು ಬಂದದ್ದನ್ನು ನಾನು ನೋಡಿಲ್ಲ.

ಎಲ್ಲ ಭಾಷೆಗಳನ್ನೂ ಅನುವಾದಿಸುವ ಯಂತ್ರ ಜೇಬಿನಲ್ಲಿರುವಾಗ ಕಲಿಯುವುದೇಕೆ ಎಂಬ ಮಾತನ್ನು ಈಗ ಹೆಚ್ಚು ಕೇಳುತ್ತೇವೆ. ಆ ಯಂತ್ರಗಳು 2016ರ ಬಳಿಕ ಬಹಳ ಸುಧಾರಿಸಿವೆ, ಅದನ್ನು ಅಲ್ಲಗಳೆಯುವುದಿಲ್ಲ. ದಾರಿ ಕೇಳಲು, ಫಲಕ ಓದಲು ಅವು ಸಾಕು. ಆದರೆ ಎರಡು ಭಾಷೆಗಳ ನಡುವೆ ಅನೇಕ ಸಲ ಇಂಗ್ಲಿಷನ್ನು ಮಧ್ಯದಲ್ಲಿಟ್ಟುಕೊಂಡೇ ಅವು ಕೆಲಸ ಮಾಡುತ್ತಾ ಬಂದಿವೆ. ಕನ್ನಡದ 'ನೀವು' ಇಂಗ್ಲಿಷಿನ ಬಾಗಿಲಿನಲ್ಲಿ ಹಾಯುವಾಗ ತನ್ನ ಗೌರವವನ್ನು ಕಳಚಿಟ್ಟು, ಫ್ರೆಂಚಿನ ಕಡೆ ಹೊರಬೀಳುವಾಗ 'ನೀನು' ಆಗಿರಬಹುದು. ಎರಡು ಕಡೆಯೂ ಇದ್ದ ಮರ್ಯಾದೆ ನಡುದಾರಿಯಲ್ಲಿ ಕಳೆದುಹೋಗುತ್ತದೆ, ಅದು ಹೋದದ್ದು ಮಾತಾಡಿದವರಿಗೂ ತಿಳಿಯುವುದಿಲ್ಲ. ಯಂತ್ರ ಎಲ್ಲಿ ತಪ್ಪಿತು ಎಂದು ಗುರುತಿಸುವುದಕ್ಕಾದರೂ ಆ ಭಾಷೆ ಸ್ವಲ್ಪ ಬರಬೇಕಲ್ಲವೇ?

ಯಾವ ಭಾಷೆ ಕಲಿಸಬೇಕು ಎಂಬುದರ ಬಗ್ಗೆ ನನಗೆ ಹಟವಿಲ್ಲ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲೊಂದಿರಲಿ, ನೆರೆದೇಶದ ಭಾಷೆಯಿರಲಿ. ಒಳ್ಳೆಯ ಶಿಕ್ಷಕರು ಸಿಗುವ ಭಾಷೆಯೇ ಸರಿಯಾದ ಭಾಷೆ.

ಆದರೆ ಅದು ಐಚ್ಛಿಕವಾಗಿರಲಿ, ಬೇಕಾದವರು ಕಲಿಯಲಿ ಎಂಬ ಮಾತಿಗೆ ನನ್ನ ವಿರೋಧ ಬಲವಾದದ್ದು. ಕೇಳಲು ಉದಾರವಾಗಿರುವ ಈ ನೀತಿ ಏನು ಮಾಡುತ್ತದೆಂದು ಇಂಗ್ಲೆಂಡಿನಲ್ಲಿ ಕಾಣಬಹುದು. ಅಲ್ಲಿ 2004ರಿಂದ 14 ವರ್ಷ ದಾಟಿದ ವಿದ್ಯಾರ್ಥಿಗಳಿಗೆ ವಿದೇಶಿ ಭಾಷೆ ಕಡ್ಡಾಯವಲ್ಲ ಎಂದಾಯಿತು. ಅದಕ್ಕೆ ತುಸು ಮೊದಲು ನಾಲ್ಕರಲ್ಲಿ ಮೂರು ಪಾಲು ವಿದ್ಯಾರ್ಥಿಗಳು ಹದಿನಾರರ ಪರೀಕ್ಷೆಯಲ್ಲಿ ಒಂದು ಭಾಷೆ ಬರೆಯುತ್ತಿದ್ದರು. ಹತ್ತು ವರ್ಷ ತುಂಬುವ ಮೊದಲೇ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಇಳಿಕೆ ಎಲ್ಲ ಕಡೆ ಒಂದೇ ಬಗೆಯಲ್ಲಿ ಆಗಲಿಲ್ಲ. ಶುಲ್ಕ ಕೊಟ್ಟು ಓದುವ ಖಾಸಗಿ ಶಾಲೆಗಳು ಭಾಷೆಯನ್ನು ಬಿಡಲಿಲ್ಲ, ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಸರ್ಕಾರಿ ಶಾಲೆಗಳೇ ಬಿಟ್ಟವು. ಕಲಿಯುವವರು ಕಡಿಮೆಯಾದಂತೆ ವಿಶ್ವವಿದ್ಯಾಲಯಗಳ ಭಾಷಾ ವಿಭಾಗಗಳು ಬಡವಾದವು, ಅಲ್ಲಿಂದ ಬರುವ ಶಿಕ್ಷಕರೂ ಕಡಿಮೆಯಾದರು. 2014ರಲ್ಲಿ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಭಾಷೆಯನ್ನು ಕಡ್ಡಾಯ ಮಾಡಿದರೂ ಮೇಲಿನ ಹಂತದಲ್ಲಿ ಬಿದ್ದ ತೂತು ಮುಚ್ಚಲಿಲ್ಲ. ಯುರೋಪಿನ ಒಕ್ಕೂಟದ ನಾಯಕರು 2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ, ಚಿಕ್ಕ ವಯಸ್ಸಿನಿಂದಲೇ ಪ್ರತಿ ಮಗುವಿಗೂ ಕನಿಷ್ಠ ಎರಡು ವಿದೇಶಿ ಭಾಷೆ ಕಲಿಸಬೇಕೆಂದು ಕರೆ ಕೊಟ್ಟ ಎರಡೇ ವರ್ಷಕ್ಕೆ, ಆಗ ಅದೇ ಒಕ್ಕೂಟದಲ್ಲಿದ್ದ ದೇಶದಲ್ಲಿ ಇದು ನಡೆಯಿತು. ಹಣವಿದ್ದ ಮನೆಯ ಮಗುವಿಗೆ ಖಾಸಗಿ ಬೋಧಕರುಂಟು, ಬೇಸಿಗೆಯ ಶಿಬಿರವುಂಟು, ವಿದೇಶ ಪ್ರವಾಸವುಂಟು. ಉಳಿದ ಮಗುವಿಗೆ ಶಾಲೆಯ ಆ ಒಂದು ಪೀರಿಯಡ್ ಬಿಟ್ಟರೆ ಬೇರೇನೂ ಇಲ್ಲ, ಅದನ್ನೇ ಐಚ್ಛಿಕವೆನ್ನುತ್ತೇವೆ.

ಶಿಕ್ಷಕರು ಎಲ್ಲಿದ್ದಾರೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂದು ಸಾಕಷ್ಟು ಇಲ್ಲ. ನಾಲ್ಕು ಶಾಲೆಗಳು ಸೇರಿ ಒಬ್ಬ ಕಾಯಂ ಶಿಕ್ಷಕರನ್ನು ಹಂಚಿಕೊಳ್ಳುವುದು, ಭಾಷೆಯಲ್ಲಿ ಪದವಿ ಪಡೆದವರಿಗೆ ಮಕ್ಕಳಿಗೆ ಕಲಿಸುವ ತರಬೇತಿ ಕೊಡುವುದು, ವರ್ಷದಿಂದ ವರ್ಷಕ್ಕೆ ಗುತ್ತಿಗೆಯ ಮೇಲೆ ತೂಗಾಡಿಸುವುದನ್ನು ನಿಲ್ಲಿಸುವುದು, ಇಷ್ಟರಿಂದ ಆರಂಭಿಸಬಹುದು. ಮುಂದಿನ ವರ್ಷ ತನ್ನ ಕೆಲಸ ಇರುತ್ತದೋ ಇಲ್ಲವೋ ಎಂದು ತಿಳಿಯದ ಶಿಕ್ಷಕಿ ಆರು ವರ್ಷದ ಪಾಠ ಯೋಜಿಸುವುದು ಹೇಗೆ?

ಕೊನೆಯದಾಗಿ ಪರೀಕ್ಷೆಯ ವಿಷಯ, ಏಕೆಂದರೆ ಪರೀಕ್ಷೆಯಲ್ಲಿ ಇಲ್ಲದ್ದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಭಾಷೆ ಎಷ್ಟು ಬರುತ್ತದೆಂದು ಅಳೆಯಲು ಯುರೋಪಿನ ಮಂಡಳಿ 2001ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲಿನ ಅಳತೆಗೋಲು, ಎ1ರಿಂದ ಸಿ2ರವರೆಗಿನದು, ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಗುಣ ಏನೆಂದರೆ ಅದು ಕಲಿತವರು ಎಷ್ಟು ಪಾಠ ಮುಗಿಸಿದರು ಎಂದು ಕೇಳುವುದಿಲ್ಲ, ಏನು ಮಾಡಬಲ್ಲರು ಎಂದು ಕೇಳುತ್ತದೆ: ತನ್ನ ಪರಿಚಯ ಹೇಳಬಲ್ಲನೇ, ಎದುರಿನವರು ನಿಧಾನವಾಗಿ ಮಾತಾಡಿದರೆ ಉತ್ತರಿಸಬಲ್ಲಳೇ. ಶಾಲೆಯ ಪರೀಕ್ಷೆಯೂ ಇದೇ ದಾರಿ ಹಿಡಿದು, ಕನಿಷ್ಠ ಅರ್ಧದಷ್ಟು ಅಂಕಗಳನ್ನು ಕೇಳುವುದಕ್ಕೆ ಮತ್ತು ಮಾತಾಡುವುದಕ್ಕೆ ಇಡಬೇಕು. ದೊಡ್ಡ ತರಗತಿಯಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿ ಅಂಕ ಕೊಡುವುದು ಅಸಾಧ್ಯ ಎಂದು ನನಗೂ ಮೇಲಿನವರು ಹೇಳಿದ್ದರು. ಸೇವೆಯ ಕೊನೆಯ ಐದು ವರ್ಷ ನಾನು ಅದನ್ನು ಮಾಡಿದೆ. 40 ಮಕ್ಕಳು, ತಲಾ ಹತ್ತು ನಿಮಿಷ, ಒಟ್ಟು 400 ನಿಮಿಷ. ಅದು ಹತ್ತು ಪೀರಿಯಡ್, ದಿನಕ್ಕೊಂದರಂತೆ ಎರಡು ವಾರ. ಒಬ್ಬರು ನನ್ನ ಮೇಜಿನ ಬಳಿ ಕುಳಿತು ಮಾತಾಡುವಾಗ ಉಳಿದವರು ಇಬ್ಬಿಬ್ಬರಾಗಿ ತಮ್ಮ ಸರದಿಗೆ ಅಭ್ಯಾಸ ಮಾಡುತ್ತಿದ್ದರು. ಗದ್ದಲವಾಗುತ್ತಿತ್ತು, ಪಕ್ಕದ ಕೋಣೆಯಿಂದ ದೂರು ಬರುತ್ತಿತ್ತು. ಮೊದಲ ವರ್ಷ ಅರ್ಧದಷ್ಟು ಮಕ್ಕಳು ಮೂರು ವಾಕ್ಯಕ್ಕೆ ನಿಂತರು. ಮೂರನೆಯ ವರ್ಷದ ಹೊತ್ತಿಗೆ, ಹತ್ತು ನಿಮಿಷ ಮುಗಿದಿದೆ ಎಂದು ನಾನೇ ನೆನಪಿಸಿ ಅವರನ್ನು ಎಬ್ಬಿಸಬೇಕಾಗಿತ್ತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭಾಷಾ ಶಿಕ್ಷಕಿ